ನೆರಳಿನ ನಕ್ಷೆ

‘ಛಾಯಾಚಿತ್ರ’ ಎಂಬ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಸಮಾಸಕ್ಕೆ ಉದಾಹರಣೆಯಾಗಿ ಹೇಳುತ್ತ ಬಂದವನು. ಆ ಸಮಾಸದ ಪೂರ್ವಪದ ಬೆಳಕಲ್ಲ, ನೆರಳು ಎಂಬ ಸಂಗತಿ ನನ್ನ ಮನಸ್ಸಿಗೆ ನಿಜವಾಗಿ ತಟ್ಟಿದ್ದು ಮಾತ್ರ ಕಳೆದ ಬೇಸಿಗೆಯಲ್ಲಿ, ಹುಮನಾಬಾದಿನ ಒಂದು ಚಿಕ್ಕ ಸ್ಟುಡಿಯೋದ ನೆಲದ ಮೇಲೆ ಸೀಮೆಸುಣ್ಣದ ತುಂಡು ಹಿಡಿದು ಕುಳಿತಿದ್ದಾಗ. ಪಶ್ಚಿಮದವರು ಈ ಕಲೆಗೆ ಬೆಳಕಿನ ಬರವಣಿಗೆ ಎಂಬ ಅರ್ಥದ ಹೆಸರನ್ನು ಇಟ್ಟುಕೊಂಡರು. ನಮ್ಮವರು ನೆರಳನ್ನು ಆರಿಸಿಕೊಂಡರು. ನೆರಳೊಂದೇ ಅಲ್ಲ, ಪ್ರತಿಬಿಂಬ, ಕಾಂತಿ, ಮೈಬಣ್ಣ ಇವೆಲ್ಲವೂ ‘ಛಾಯೆ’ಯ ಅರ್ಥಗಳೇ. ಮುಖಚ್ಛಾಯೆ ಎನ್ನುತ್ತೇವೆ, ತಾಯಿಯ ಛಾಯೆ ಮಗಳಲ್ಲಿದೆ ಎನ್ನುತ್ತೇವೆ. ಒಂದು ಮಾತಿನಲ್ಲಿ ಇಷ್ಟೆಲ್ಲ ಅಡಗಿದೆಯೆಂದು ನಿಘಂಟು ನೋಡಿ ತಿಳಿಯುವುದು ಬೇರೆ. ಒಬ್ಬ ಹುಡುಗಿಯ ಮುಖದ ಮೇಲೆ ಆ ಅರ್ಥಗಳೆಲ್ಲ ಒಂದಕ್ಕೊಂದು ಜಗಳವಾಡುವುದನ್ನು ಕಣ್ಣಾರೆ ಕಾಣುವುದು ಬೇರೆ.

ಸಂದರ್ಭವನ್ನು ಹೇಳಿಬಿಡುತ್ತೇನೆ. ಬಸವಕಲ್ಯಾಣದ ಸಮೀಪದ ಒಂದು ತಾಂಡಾದಿಂದ ನಮ್ಮ ಕಾಲೇಜಿಗೆ ಬಂದು ಓದಿದ ಲಂಬಾಣಿ ಹುಡುಗಿಯೊಬ್ಬಳು ಪದವಿ ಮುಗಿಸಿ ಹೈದರಾಬಾದಿನಲ್ಲಿ ಉಡುಪಿನ ವಿನ್ಯಾಸವನ್ನು ಕಲಿತಳು. ಹೊರರಾಜ್ಯದ ಒಂದು ವಿನ್ಯಾಸಶಾಲೆಯಲ್ಲಿ ಮುಂದಿನ ಓದಿಗಾಗಿ ಅರ್ಜಿ ಹಾಕಬೇಕು. ಅರ್ಜಿಯೊಡನೆ ತಾನೇ ರಚಿಸಿದ ಉಡುಪುಗಳ ಹತ್ತು ಛಾಯಾಚಿತ್ರಗಳನ್ನು ಕಳುಹಿಸಬೇಕು. ಉಡುಪು ತೊಡಲು ರೂಪದರ್ಶಿಯನ್ನು ಗೊತ್ತುಮಾಡುವಷ್ಟು ಹಣ ಅವಳಲ್ಲಿ ಎಲ್ಲಿಂದ ಬರಬೇಕು? ತಾನೇ ತೊಟ್ಟು ನಿಲ್ಲುವೆನೆಂದಳು. ಛಾಯಾಗ್ರಾಹಕ ಹುಮನಾಬಾದಿನವನು, ಅವನೂ ನನ್ನ ಹಳೆಯ ವಿದ್ಯಾರ್ಥಿಯೇ. ಮದುವೆ, ಉಪನಯನ, ತೊಟ್ಟಿಲು, ಪಾಸ್‌ಪೋರ್ಟ್ ಅಳತೆಯ ಮುಖ, ಇವೇ ಅವನ ಜೀವನೋಪಾಯ. ಕೈಗೊಂದು ಮೊಬೈಲು ಬಂದ ಮೇಲೆ ಅದರಲ್ಲಿಯೂ ಅರ್ಧ ಕರಗಿಹೋಗಿದೆ. ಫ್ಯಾಶನ್ ಛಾಯಾಗ್ರಹಣವೆಂಬುದನ್ನು ಅವನು ಪತ್ರಿಕೆಗಳ ಪುಟಗಳಲ್ಲಿ ಕಂಡವನೇ ಹೊರತು ಕೈಯಿಂದ ಮಾಡಿದವನಲ್ಲ.

ಇವರಿಬ್ಬರ ನಡುವೆ ಕನ್ನಡದ ಅಧ್ಯಾಪಕನಿಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ‘ಮಾನಸೋಲ್ಲಾಸ’.

ನಮ್ಮ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೆಂಬುದು ಎಲ್ಲರೂ ಬಲ್ಲ ಮಾತು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದನು. ಅವನು ಗೆದ್ದ ಯುದ್ಧಗಳು ಹೆಚ್ಚಿಲ್ಲ. ಆದರೆ ಸುಮಾರು 1129ರಲ್ಲಿ ಒಂದು ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಅದಕ್ಕೆ ಹೆಸರುಂಟು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಇದರ ಭಾಗವನ್ನು ಅಚ್ಚುಮಾಡಿಸಿದರು. ಬರೋಡೆಯ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅದು ಮೂರು ಸಂಪುಟಗಳಾಗಿ ಹೊರಬಂದಿತು. ಮೂರನೆಯ ವಿಂಶತಿಯಲ್ಲಿ ಭೋಗದ ಮಾತು: ಮನೆ, ಸ್ನಾನ, ಪಾದರಕ್ಷೆ, ತಾಂಬೂಲ, ಲೇಪನ, ವಸ್ತ್ರ, ಮಾಲೆ, ಆಭರಣ. ಯಾವ ಋತುವಿಗೆ ಯಾವ ಬಟ್ಟೆ, ಯಾವ ದೇಶದಿಂದ ಯಾವ ನೇಯ್ಗೆ ಬರುವುದು ಎಂದು ಅರಸನೇ ಕುಳಿತು ಬರೆದಿದ್ದಾನೆ. ಆ ವಸ್ತ್ರಾಧ್ಯಾಯದ ಕನ್ನಡ ತಾತ್ಪರ್ಯ ಬೇಕೆಂದು ಹುಡುಗಿ ನನ್ನಲ್ಲಿಗೆ ಬಂದಳು. ನಾನು ಬರೆದುಕೊಟ್ಟೆ. ಬಟ್ಟೆಯ ಅಧ್ಯಾಯದೊಡನೆ, ಕೇಳದಿದ್ದರೂ, ಚಿತ್ರದ ಭಾಗವನ್ನೂ ಬರೆದುಕೊಟ್ಟೆ. ಅಧ್ಯಾಪಕರಿಗೆ ಕೇಳಿದಷ್ಟೇ ಹೇಳುವ ಅಭ್ಯಾಸವಿಲ್ಲವಷ್ಟೆ.

ಹೀಗೆ ನಾನು ಅವರ ಕೂಟದಲ್ಲಿ ಸೇರಿಕೊಂಡೆ.

ಮೊದಲನೆಯ ದಿನ ನಾನು ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾದ ಮೇಲೆ ಬಸ್ಸು ಹಿಡಿದು ಹುಮನಾಬಾದಿಗೆ ಹೋಗುವ ಹೊತ್ತಿಗೆ ದೀಪಗಳನ್ನೆಲ್ಲ ನಿಲ್ಲಿಸಿ ಆಗಿತ್ತು. ಹುಡುಗಿಯ ಜೊತೆಗೆ ಅವಳ ಅಜ್ಜಿ ಬಂದಿದ್ದಳು. ಮುಂಗೈಯಿಂದ ತೋಳಿನವರೆಗೂ ಬಲಿಯಾ, ಗಲ್ಲದ ಮೇಲೆ ಹಚ್ಚೆ. ಅಜ್ಜಿ ಬಂದದ್ದು ಮೊಮ್ಮಗಳನ್ನು ಕಾಯುವುದಕ್ಕಲ್ಲ, ಕಾಂಚಳಿಯನ್ನು ಕಾಯುವುದಕ್ಕೆ. ತಾನು ಮದುವೆಗೆ ಮುನ್ನ ಕೈಯಾರೆ ಹೊಲಿದ ಆ ಕಾಂಚಳಿಯನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಮೊಮ್ಮಗಳು ಅದರ ಕಸೂತಿಯ ತುಂಡೊಂದನ್ನೂ ಕತ್ತರಿಸದೆ, ಇಳಕಲ್ ಸೀರೆಯ ಸೆರಗಿನೊಡನೆ ಅದನ್ನು ಹೇಗೆ ಕೂಡಿಸಿ ಉಡಬಹುದೆಂಬುದನ್ನು ಕಂಡುಹಿಡಿದಿದ್ದಳು. ಕೊರಳಿಗೆ ಬಿದರಿ ಕೆಲಸದ ಒಂದು ಪದಕ: ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ. ಅದನ್ನು ಕಪ್ಪಾಗಿಸುವುದಕ್ಕೆ ಬೀದರ ಕೋಟೆಯ ಮಣ್ಣೇ ಬೇಕೆಂಬುದನ್ನು ಕುಶಲಕರ್ಮಿಗಳಿಂದ ಕೇಳಿದ್ದೇನೆ. ಕಾಂಚಳಿಯ ತುಂಬ ಕನ್ನಡಿಗಳು. ಹುಡುಗಿ ಎಣಿಸಿದ್ದಳು, ಇನ್ನೂರ ಹದಿನಾರು.

ಛಾಯಾಗ್ರಾಹಕನ ಮೊದಲ ಏರ್ಪಾಡು ಮದುವೆಯ ಏರ್ಪಾಡೇ ಆಗಿತ್ತು. ಕುಳಿತವರ ಎಡಕ್ಕೂ ಬಲಕ್ಕೂ ಓರೆಯಾಗಿ ಎರಡು ಫ್ಲ್ಯಾಶುಗಳು, ಎರಡಕ್ಕೂ ಚೌಕಾಕಾರದ ಸಾಫ್ಟ್‌ಬಾಕ್ಸ್, ಎರಡರ ಶಕ್ತಿಯೂ ಸಮ. ಹಿಂದಿನ ಬಿಳಿಯ ಪರದೆಗೆ ಮತ್ತೆರಡು ಚಿಕ್ಕ ದೀಪಗಳು. ಹೀಗೆ ಮಾಡಿದರೆ ಯಾರ ಮುಖದಲ್ಲಿಯೂ ಒಂದು ನೆರಳು ಉಳಿಯುವುದಿಲ್ಲ. ನೂರು ಜನ ಬೀಗರು ಸಾಲಾಗಿ ಬಂದು ನಿಂತರೂ ದೀಪ ಕದಲಿಸಬೇಕಾಗಿಲ್ಲ. ಅದು ಆ ವೃತ್ತಿಗೆ ಬೇಕಾದ ಗುಣ. ಅದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಇಲ್ಲಿ ನಡೆದದ್ದೇ ಬೇರೆ. ಇನ್ನೂರ ಹದಿನಾರು ಕನ್ನಡಿಗಳಲ್ಲಿ ಹತ್ತಾರು ಕನ್ನಡಿಗಳು ಆ ಎರಡು ಚೌಕಗಳನ್ನು ಹಿಡಿದು ಕ್ಯಾಮರಾದ ಕಣ್ಣಿಗೆ ಎಸೆದವು; ಎದೆಯ ಮೇಲೆ ಸುಣ್ಣ ಚೆಲ್ಲಿದಂತಾಯಿತು. ದಾರದ ಕೆಂಪು, ಹಳದಿ ಒಂದೂ ಕಾಣದು. ಧ್ರುವೀಕರಣದ ಗಾಜನ್ನು ಕ್ಯಾಮರಾದ ಮುಂದಿಟ್ಟು ನೋಡಿದ; ಗಾಜು, ನೀರುಗಳ ಹೊಳಪನ್ನು ತಗ್ಗಿಸುವ ಆ ಸಾಧನ ಕನ್ನಡಿಯ ಹಿಂದಣ ಲೋಹದ ಹೊಳಪಿಗೆ ಮಣಿಯಲಿಲ್ಲ. ಬಿದರಿಯ ಪದಕವೋ ಬೂದಿಯ ಬಿಲ್ಲೆಯಂತೆ ಕಂಡಿತು.

ಮತ್ತು ಮುಖ! ಹುಡುಗಿಯದು ಕಪ್ಪು ಮೈಬಣ್ಣ. ಎಣ್ಣೆಯೊರಸಿದ ಕಲ್ಲಿನ ಹಾಗೆ ತುಂಬಿದ ಕಪ್ಪು. ಗಣಕದ ತೆರೆಯ ಮೇಲೆ ಮೂಡಿದ ಮುಖ ಗೋಧಿಹಿಟ್ಟಿನ ಬಣ್ಣದ್ದು. ದವಡೆಯ ಗೆರೆ ಇಲ್ಲ, ಗಲ್ಲದ ಉಬ್ಬಿಲ್ಲ, ಹುಬ್ಬಿನ ಕೆಳಗೆ ಕಣ್ಣಿಗೆ ಮನೆಯಿಲ್ಲ. ಕಣ್ಣು, ಮೂಗು, ಬಾಯಿಗಳನ್ನು ಒಂದು ಬಿಳಿಯ ತಟ್ಟೆಯ ಮೇಲೆ ಇಟ್ಟಂತಿತ್ತು.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಆ ಚಿತ್ರವನ್ನು ನೋಡಿ ಮೊದಲು ಬಾಯಿಬಿಟ್ಟವನು ನಾನೇ. “ಕನ್ನಡಿಯ ವಿಷಯ ಇರಲಿ, ಮುಖ ಮಾತ್ರ ಚೆನ್ನಾಗಿ ಬಂದಿದೆ” ಎಂದೆ. ಹುಡುಗಿ ಏನನ್ನೂ ಹೇಳಲಿಲ್ಲ. ಅಜ್ಜಿ ತೆರೆಯ ಹತ್ತಿರಕ್ಕೆ ಬಂದು, ಕಣ್ಣು ಕಿರಿದು ಮಾಡಿಕೊಂಡು ನೋಡಿ, ನನ್ನ ಕಡೆ ತಿರುಗಿ ಕೇಳಿದಳು: “ಈ ಹುಡುಗಿ ಯಾರ ಮಗಳು, ಮಾಸ್ತರ?”

ವ್ಯಂಗ್ಯವೆಂದುಕೊಂಡೆ. ಅಲ್ಲ, ಮುದುಕಿ ನಿಜವಾಗಿಯೇ ಕೇಳಿದ್ದಳು.

ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ತಂಗಿಯ ನೆನಪಾಯಿತು. ಬಹಳ ವರ್ಷಗಳ ಹಿಂದೆ ವರನ ಕಡೆಯವರಿಗೆ ಕಳುಹಿಸಲೆಂದು ಅವಳ ಚಿತ್ರ ತೆಗೆಸಿದ್ದೆವು. ಯಾವ ಊರು, ಯಾವ ಅಂಗಡಿ ಎಂಬುದು ಈಗ ಬೇಡ. ಚಿತ್ರದಲ್ಲಿ ತಂಗಿ ಬೆಳ್ಳಗೆ ಬಂದಿದ್ದಳು, ಮನೆಮಂದಿಗೆಲ್ಲ ಸಂತೋಷ. ಅದನ್ನು ನೋಡಿ ಒಪ್ಪಿ ಬಂದವರು ಪಡಸಾಲೆಯಲ್ಲಿ ಕುಳಿತು, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದವಳನ್ನೂ ಕೈಯಲ್ಲಿದ್ದ ಚಿತ್ರವನ್ನೂ ಮತ್ತೆಮತ್ತೆ ನೋಡಿದರು. “ಇವರೇ ಏನ್ರಿ ಅವರು?” ಎಂದು ಒಬ್ಬಾಕೆ ಕೇಳಿದಳು. ತಂಗಿ ತಟ್ಟೆಯನ್ನು ಅಲ್ಲಿಯೇ ಇಟ್ಟು ಒಳಗೆ ಹೋದಳು. ಅವಳಿಗೆ ಮುಂದೆ ಒಳ್ಳೆಯ ಮನೆಯೇ ಸಿಕ್ಕಿತು. ಆದರೆ ಅಂದಿನಿಂದ ಇಂದಿನವರೆಗೆ ಅವಳು ಒಬ್ಬಳೇ ನಿಂತು ಒಂದು ಚಿತ್ರವನ್ನೂ ತೆಗೆಸಿಕೊಂಡಿಲ್ಲ. ಇದನ್ನು ಬಲ್ಲ ನಾನೇ ಆ ಸ್ಟುಡಿಯೋದಲ್ಲಿ ಹಾಗೆ ನುಡಿದಿದ್ದೆ.

ಮರುದಿನ ಬೆಳಿಗ್ಗೆ ಹುಡುಗಿಯ ದೂರವಾಣಿ ಕರೆ. “ಸರ, ಕನ್ನಡಿ ಹೋದ್ರ ಹೋಗ್ಲಿ. ನನ್ನ ಬೆಳ್ಳಗ ಮಾಡಬ್ಯಾಡ್ರಿ ಅಂತ ಅವರಿಗೆ ನೀವ ಹೇಳ್ರಿ. ನಾ ಹೇಳಿದ್ರ ಅವರಿಗೆ ಬ್ಯಾಸರ ಆಗ್ತದ.” ಅರ್ಜಿಯ ಕೊನೆಯ ದಿನಕ್ಕೆ ಒಂಬತ್ತು ದಿನಗಳು ಉಳಿದಿದ್ದವು.

ನಾನು ಹೇಳಿದೆ. ಅವನಿಗೆ ಬೇಸರವಾಗಲಿಲ್ಲ, ಆಶ್ಚರ್ಯವಾಯಿತು. ಹದಿನೈದು ವರ್ಷಗಳಲ್ಲಿ ತನ್ನ ಅಂಗಡಿಗೆ ಬಂದವರಲ್ಲಿ ಹೀಗೆ ಕೇಳಿದವರು ಒಬ್ಬರೂ ಇಲ್ಲವೆಂದ. “ಎಲ್ಲಾರೂ ಬೆಳ್ಳಗ ಮಾಡ್ರಿ ಅಂತಾರ್ರಿ ಸರ. ಕರ್ರಗ ಹ್ಯಾಂಗ ತೆಗೀಬೇಕು ನನಗ ಯಾರೂ ಕಲಿಸಿಲ್ರಿ.”

ಈ ಅಜ್ಞಾನ ಅವನೊಬ್ಬನದಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಯೋಗಾಲಯಗಳಿಗೆ ಒಂದು ಮಾದರಿ ಚಿತ್ರವನ್ನು ಕಳುಹಿಸುತ್ತಿತ್ತು. ಅದಕ್ಕೆ ‘ಷರ್ಲಿ ಕಾರ್ಡ್’ ಎಂದು ಹೆಸರು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಅವಳ ಮುಖ ಸರಿಯಾಗಿ ಬಂದರೆ ಬಣ್ಣ ಸರಿ ಎಂದರ್ಥ; ಕಪ್ಪು ಮುಖ ಇದ್ದಿಲಾದರೆ ಕೇಳುವವರಿರಲಿಲ್ಲ. ಕಂದುಬಣ್ಣದ ಭೇದಗಳು ಫಿಲ್ಮಿನಲ್ಲಿ ಮೂಡಬೇಕೆಂದು ಒತ್ತಾಯಿಸಿದವರಲ್ಲಿ ಮರದ ಪೀಠೋಪಕರಣ ಮಾರುವವರೂ ಚಾಕೊಲೇಟ್ ಮಾಡುವವರೂ ಇದ್ದರಂತೆ. ಮನುಷ್ಯರ ಮುಖಕ್ಕಿಂತ ಮೇಜಿನ ಮುಖಕ್ಕೆ ಹೆಚ್ಚು ಬೆಲೆ ಬಂದ ಕತೆಯಿದು. ಇಂದಿನ ಕ್ಯಾಮರಾದ ಅಳತೆಗೋಲು ಕೂಡ ಎದುರಿಗಿರುವುದನ್ನೆಲ್ಲ ಸರಾಸರಿ ಬೂದುಬಣ್ಣಕ್ಕೆ ತರಲು ಹವಣಿಸುತ್ತದೆ. ಕಪ್ಪು ಪರದೆಯನ್ನು ಕಂಡರೆ ಬೆಳಕು ಸಾಲದೆಂದು ತಿಳಿದು ಮುಖವನ್ನು ಬಿಳುಪಾಗಿಸುವುದು. ಬಿಳಿಯ ಪರದೆಯನ್ನು ಕಂಡರೆ ಹೆಚ್ಚಾಯಿತೆಂದು ಮುಖವನ್ನು ಮಸಿಮಾಡುವುದು. ಅದನ್ನು ನಂಬದೆ ಮುಖದ ಬಳಿ ಬೀಳುವ ಬೆಳಕನ್ನೇ ಪ್ರತ್ಯೇಕವಾಗಿ ಅಳೆಯಬೇಕು.

ಹಾಗಾದರೆ ಮೊದಲು ಏನು ಮಾಡಬೇಕು? ನನಗೆ ತೋಚಿದ್ದು ಒಂದೇ. “ನಡಿ, ಜಲಸಂಗವಿಗೆ ಹೋಗೋಣ” ಎಂದೆ. ಹುಡುಗಿಯ ಎರಡನೆಯ ಉಡುಪಿನ ಸೊಂಟಪಟ್ಟಿಯ ಮಾದರಿಯೂ ಅಲ್ಲಿನದೇ ಆಗಿತ್ತು.

ಹುಮನಾಬಾದ್ ತಾಲ್ಲೂಕಿನ ಆ ಊರಿನ ಚಾಲುಕ್ಯ ಕಾಲದ ದೇವಾಲಯವನ್ನು ಕಾಣದ ಕನ್ನಡ ಅಧ್ಯಾಪಕರು ಈ ಕಡೆ ವಿರಳ. ಹೊರಗೋಡೆಯ ಮೇಲೆ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಬಳುಕಿ ನಿಂತು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಂಸೆಯ ಬರಹವನ್ನು ಬರೆಯುತ್ತಿದ್ದಾಳೆ. ಶಾಸನಸುಂದರಿ ಎಂದು ಅವಳಿಗೆ ವಿದ್ವಾಂಸರು ಇಟ್ಟ ಹೆಸರು. ನಾನು ಹತ್ತು ಸಲವಾದರೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೇನೆ. ಪ್ರತಿ ಸಲವೂ ಆ ಅಕ್ಷರಗಳನ್ನೇ ನೋಡಿದವನು, ಅವುಗಳ ಮೇಲೆ ಬಿದ್ದ ಬಿಸಿಲನ್ನು ನೋಡಿದವನಲ್ಲ.

ಅದು ಮೇ ತಿಂಗಳ ಎರಡನೆಯ ವಾರ. ಭೂಗೋಳದ ಅಧ್ಯಾಪಕ ಮಿತ್ರರು ಹಿಂದೊಮ್ಮೆ ಹೇಳಿದ್ದರು: ನಮ್ಮ ಈ ಸೀಮೆ ಉತ್ತರ ಅಕ್ಷಾಂಶ 18 ಡಿಗ್ರಿಗೆ ಸ್ವಲ್ಪ ಕೆಳಗಿರುವುದರಿಂದ ಮೇ 10ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ ಆರಂಭದಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಗಡಿಯಾರದಲ್ಲಿ ಹನ್ನೆರಡೂ ಕಾಲು ದಾಟಿದ ಹೊತ್ತು. ನಾವು ಮೂವರೂ ತಲೆಗೆ ಒದ್ದೆ ಟವೆಲು ಹೊದ್ದು ನಿಂತಿದ್ದೆವು. ಆ ನೆತ್ತಿಯ ಬಿಸಿಲು ಗೋಡೆಯ ಎಲ್ಲ ಮಗ್ಗುಲುಗಳನ್ನೂ ಮೇಲಿನಿಂದ ಕೆಳಕ್ಕೆ ಸವರಿಕೊಂಡು ಇಳಿಯುತ್ತಿತ್ತು. ಕಲ್ಲಿನಲ್ಲಿ ಕೂದಲೆಳೆಯಷ್ಟು ಉಬ್ಬಿದ್ದರೂ ಅದಕ್ಕೊಂದು ನೆರಳು. ಸೊಂಟಪಟ್ಟಿಯ ಒಂದೊಂದು ಮಣಿಗೂ ಒಂದೊಂದು ಕಪ್ಪು ಬಾಲ. ಆಭರಣಗಳೆಲ್ಲ ಎದ್ದುಬಂದಿದ್ದವು. ಆದರೆ ಹುಬ್ಬಿನ ನೆರಳು ಕಣ್ಣನ್ನು ನುಂಗಿತ್ತು, ಮೂಗಿನ ನೆರಳು ತುಟಿಗೆ ಬಿದ್ದಿತ್ತು. ಹುಡುಗ ಕುಳಿತು ಕಾದ. ಬಿಸಿಲು ಸ್ವಲ್ಪ ವಾಲಿತು. ಮೇಲಿನ ಬೆಳಕು ಮೇಲೂ ಮಗ್ಗುಲೂ ಆಯಿತು. ಅದೇ ಹೊತ್ತಿಗೆ ಕಾದ ನೆಲದಿಂದ ಪುಟಿದ ಮಂದ ಬೆಳಕು ಕೆಳಗಿನಿಂದ ಏರಿ ಕಣ್ಣಿನ ಕುಳಿಗಳಲ್ಲಿ ಹೊಕ್ಕಿತು. ಕಂದುಗಪ್ಪಿನ ಕಲ್ಲು ಕಂದುಗಪ್ಪಾಗಿಯೇ ಇತ್ತು; ಅದರಲ್ಲಿ ಮುಖವೊಂದು ತೆರೆಯಿತು.

“ಸರ, ಇಲ್ಲಿ ಲೈಟು ಒಂದೇ ಅದರಿ. ಎರಡನೇದು ನೆಲ” ಎಂದ ಅವನು.

ಮಾನಸೋಲ್ಲಾಸದ ಚಿತ್ರಭಾಗದ ಒಂದು ಮಾತು ನನಗೆ ಆಗ ಅರ್ಥವಾಯಿತು. ಚಿತ್ರದಲ್ಲಿ ಉಬ್ಬಿದೆಡೆ ಬೆಳಗಬೇಕು, ತಗ್ಗಿದೆಡೆ ಕಪ್ಪೇರಬೇಕು. ಅದಕ್ಕಾಗಿ ಬೇರೆ ಬಣ್ಣವನ್ನು ತರಬೇಕಾಗಿಲ್ಲ, ಒಂದೇ ಬಣ್ಣದ ಏರಿಳಿತದಿಂದಲೇ ಅದು ಸಿದ್ಧಿಸಬೇಕು ಎಂಬರ್ಥದ ವಿಧಿಯೊಂದು ಅಲ್ಲಿದೆ. ನಾನು ಅದನ್ನು ಕನ್ನಡಿಸಿ ಕೊಟ್ಟಿದ್ದೆ. ಆದರೆ ವ್ಯಾಕರಣದ ತೊಡಕೊಂದನ್ನು ಬಿಡಿಸಿದ ತೃಪ್ತಿಯಿಂದಲೇ ಮುಂದಿನ ಪುಟಕ್ಕೆ ಹೋಗಿದ್ದೆ. ಕಪ್ಪು ಮೈಬಣ್ಣವನ್ನು ಬಿಳುಪಾಗಿಸದೆ ಬೆಳಗಿಸುವುದು ಹೇಗೆ ಎಂಬ ಪ್ರಶ್ನೆಗೆ ಕಲ್ಯಾಣದ ಅರಸ ಒಂಬತ್ತು ಶತಮಾನಗಳ ಹಿಂದೆಯೇ ಉತ್ತರ ಬರೆದಿಟ್ಟಿದ್ದ.

ಆ ಸಂಜೆ ಸ್ಟುಡಿಯೋದಲ್ಲಿ ನಕ್ಷೆ ಬರೆಯಲು ಕುಳಿತೆವು. ದೀಪದ ಯೋಜನೆಯೆಂದರೆ ದೀಪಗಳನ್ನು ಎಲ್ಲಿಡಬೇಕೆಂಬ ಪಟ್ಟಿಯೆಂದು ನಾನು ಭಾವಿಸಿದ್ದೆ. ಹುಡುಗ ಈ ಸಲ ಬೇರೆಯ ದಾರಿ ಹಿಡಿದ. ನೆಲದ ಮೇಲೆ ಮೊದಲು ಹುಡುಗಿ ನಿಲ್ಲುವ ಗುರುತು. ಆಮೇಲೆ, ಯಾವ ಯಾವ ನೆರಳು ಬೇಕು ಎಂಬುದರ ಲೆಕ್ಕ: ದವಡೆಯ ಕೆಳಗೊಂದು, ಮೂಗಿನ ಬಲಕ್ಕೊಂದು ಚಿಕ್ಕದು, ಸೆರಗಿನ ಮಡಿಕೆಗಳಲ್ಲಿ ಸಾಲಾಗಿ. ಆ ನೆರಳುಗಳು ಬೀಳಬೇಕಾದರೆ ಬೆಳಕು ಎಲ್ಲಿಂದ ಬರಬೇಕು ಎಂದು ಹಿಂದಕ್ಕೆ ಗೆರೆ ಎಳೆದ. ದೊಡ್ಡ ಸಾಫ್ಟ್‌ಬಾಕ್ಸ್ ಒಂದೇ, ಎಡಮಗ್ಗುಲಿಗೆ, ತಲೆಗಿಂತ ಒಂದು ಅಡಿ ಮೇಲೆ. ಅದರ ನಟ್ಟನಡುವಿನ ಬೆಳಕು ಮುಖಕ್ಕೆ ನೇರವಾಗಿ ಹೊಡೆಯದೆ ಮುಂದೆ ಹಾದುಹೋಗಿ, ಅಂಚಿನ ಮೃದುವಾದ ಬೆಳಕು ಮಾತ್ರ ಮುಖಕ್ಕೆ ತಾಗುವಂತೆ ಸ್ವಲ್ಪ ತಿರುವಿಟ್ಟ. ಕಪ್ಪು ಮೈಯ ಸೊಗಸು ಅದರ ಹೊಳಪಿನಲ್ಲಿ. ಚಿಕ್ಕ ದೀಪ ಹಣೆಯ ಮೇಲೆ ಒಂದು ಬಿಳಿಯ ಚುಕ್ಕೆಯಾಗಿ ಕೂರುವುದು, ಹತ್ತಿರದ ದೊಡ್ಡ ದೀಪವಾದರೋ ಕೆನ್ನೆಯ ಉದ್ದಕ್ಕೂ ಹರಡಿ ಮೂಳೆಯ ಆಕಾರವನ್ನು ಹೇಳುವುದು. ಬಿದರಿಯ ಪದಕಕ್ಕೂ ಇದೇ ನ್ಯಾಯ. ಎದುರಿನ ಎರಡನೆಯ ಫ್ಲ್ಯಾಶನ್ನು ತೆಗೆದುಹಾಕಿ, ಜಲಸಂಗವಿಯ ನೆಲದ ಬದಲು ಅವಳ ಕಾಲ ಮುಂದೆ ಥರ್ಮಾಕೋಲಿನ ಒಂದು ಹಲಗೆಯನ್ನು ಮಲಗಿಸಿದ. ಹಿಂದೆ ಬಿಳಿಯ ಪರದೆ ಹೋಗಿ ಕರಿಯ ಬಟ್ಟೆ. ದೀಪದಿಂದ ಮುಖಕ್ಕೆ ಮೂರು ಅಡಿ, ಕರಿಯ ಬಟ್ಟೆಗೆ ಒಂಬತ್ತು ಅಡಿ. ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುವುದೆಂಬುದು ಭೌತಶಾಸ್ತ್ರದ ನಿಯಮ. ಆದುದರಿಂದ ಬಟ್ಟೆ ತಾನಾಗಿಯೇ ಕತ್ತಲಲ್ಲಿ ಮುಳುಗುವುದು. ಕೂದಲು ಆ ಕತ್ತಲಿನಲ್ಲಿ ಕರಗದಂತೆ ಬಲಹಿಂದಿನಿಂದ ಚಿಕ್ಕದೊಂದು ದೀಪ, ಅದರ ಬಾಯಿಗೆ ಜೇನುಗೂಡಿನಂತಹ ಜಾಲರಿ.

ಉಳಿದದ್ದು ಇನ್ನೂರ ಹದಿನಾರು ಕನ್ನಡಿಗಳು. ಇಲ್ಲಿ ಹುಡುಗ ಸೋತ. ಒಂದು ಕನ್ನಡಿಯಾದರೆ ದೀಪ ಅದರಲ್ಲಿ ಕಾಣದ ಕಡೆ ಸರಿಸಬಹುದು. ಮೈಯ ಉಬ್ಬುತಗ್ಗುಗಳ ಮೇಲೆ ಒಂದೊಂದು ಒಂದೊಂದು ದಿಕ್ಕಿಗೆ ಮುಖಮಾಡಿರುವ ಇನ್ನೂರನ್ನು ಏನು ಮಾಡುವುದು?

ದಾರಿ ತೋರಿಸಿದವಳು ಹುಡುಗಿಯೇ. ದೀವಳಿಗೆಯ ಅಮಾವಾಸ್ಯೆಯ ರಾತ್ರಿ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ‘ಮೇರಾ’ ಹೇಳುವ ಪದ್ಧತಿಯುಂಟು. ಚಿಕ್ಕವಳಿದ್ದಾಗ ತಾನು ದೀಪ ಹಿಡಿದು ಅಜ್ಜಿಯ ಮುಂದೆ ನಿಂತರೆ ಗುಡಿಸಿಲಿನ ಗೋಡೆ, ಚಾವಣಿಯ ತುಂಬೆಲ್ಲ ಚುಕ್ಕೆಗಳು ಓಡಾಡುತ್ತಿದ್ದವೆಂದು ಅವಳು ನೆನೆಸಿಕೊಂಡಳು. ಹುಡುಗ ಎದ್ದು ಕಿಟಕಿ ಮುಚ್ಚಿದ. ಕ್ಯಾಮರಾ ಇರಬೇಕಾದ ಜಾಗದಲ್ಲಿ ಕೈಬ್ಯಾಟರಿಯೊಂದನ್ನು ಹಿಡಿದು ಕಾಂಚಳಿಯ ಮೇಲೆ ಬಿಟ್ಟ.

ಕೋಣೆಯ ಗೋಡೆಗಳ ಮೇಲೆ, ಚಾವಣಿಯ ಮೇಲೆ, ನಮ್ಮ ಅಂಗಿಗಳ ಮೇಲೆ ಚುಕ್ಕೆಗಳು ಚೆಲ್ಲಿದವು. ಅಜ್ಜಿ ನಕ್ಕಳು, ಆ ಎರಡು ದಿನಗಳಲ್ಲಿ ಅದೇ ಮೊದಲು. ಬೆಳಕು ಹೋದ ದಾರಿಯಲ್ಲೇ ಹಿಂದಿರುಗಿಯೂ ಬರಬಲ್ಲದು. ಬ್ಯಾಟರಿಯ ಬೆಳಕು ಕನ್ನಡಿಯಿಂದ ಚಿಮ್ಮಿ ಎಲ್ಲಿ ಬಿತ್ತೋ, ಅಲ್ಲಿರುವ ವಸ್ತುವನ್ನೇ ಆ ಕನ್ನಡಿ ಕ್ಯಾಮರಾಕ್ಕೆ ತೋರಿಸುವುದು. ಚುಕ್ಕೆಗಳು ದಟ್ಟವಾಗಿ ಬಿದ್ದ ಕಡೆ ದೀಪವಿಟ್ಟರೆ ಸುಣ್ಣ ಚೆಲ್ಲಿದಂತಾಗುವುದು. ಅಲ್ಲಿ ಕರಿಯ ಬಟ್ಟೆ ಬೇಕು. ವಿರಳವಾಗಿ ಬಿದ್ದ ಕಡೆ ಬಿಳಿಯ ಬಟ್ಟೆ. ಒಂಟಿ ಚುಕ್ಕೆ ಬಿದ್ದ ಒಂದೆರಡು ಕಡೆ ಮಾತ್ರ, ದೂರದಲ್ಲಿ, ಒಂದು ಬತ್ತಲೆ ಬಲ್ಬು. ಆಗ ಕೆಲವು ಕನ್ನಡಿಗಳು ಕಪ್ಪು, ಕೆಲವು ಬೆಳ್ಳಿ, ಎರಡೋ ಮೂರೋ ನಕ್ಷತ್ರ. ಕನ್ನಡಿ ಕನ್ನಡಿಯಾಗಿ ಕಾಣಬೇಕಾದರೆ ಅದರೊಳಗೆ ಕತ್ತಲೆಯೂ ಇರಬೇಕೆಂದಾಯಿತು. ಗೋಡೆಯ ಮೇಲಿನ ಚುಕ್ಕೆಗಳ ಸುತ್ತ ನಾವು ಸೀಮೆಸುಣ್ಣದಿಂದ ಗುರುತು ಮಾಡಿದೆವು. ನನಗೆ ನೆಲದ ಪಾಲು ಬಂದಿತ್ತು.

ಹಿಂದಿನ ಕಾಲದ ಸ್ಟುಡಿಯೋಗಳಲ್ಲಿ ಈ ಪಾಡಿರಲಿಲ್ಲ, ಬೇರೆ ಪಾಡಿತ್ತು. 1948ರವರೆಗೆ ನಮ್ಮ ಈ ಭಾಗವೆಲ್ಲ ನಿಜಾಮನ ರಾಜ್ಯ. ಆರನೆಯ ನಿಜಾಮನ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳರ ಕಾಲದಲ್ಲಿ ವಿದ್ಯುತ್ತಿನ ದೀಪವನ್ನು ನಂಬುವಂತಿರಲಿಲ್ಲ. ಗಾಜಿನ ಮಾಡು, ಅದಕ್ಕೆ ಎಳೆಯುವ ಪರದೆಗಳು, ಇವುಗಳಿಂದಲೇ ಆ ಕಾಲದವರು ಬಿಸಿಲನ್ನು ಪಳಗಿಸುತ್ತಿದ್ದರು. 1892ರಲ್ಲಿ ಅವರು ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಸ್ಟುಡಿಯೋ ತೆರೆದು, ಅದನ್ನು ನಡೆಸಲು ಇಂಗ್ಲಿಷ್ ಮಹಿಳೆಯೊಬ್ಬರನ್ನು ನೇಮಿಸಿದ್ದರು. ಸೂರ್ಯನನ್ನೇ ನಂಬಿದವರಿಗೆ ಮೋಡದ ಭಯ. ನಮಗೆ ಬೇರೆಯ ಭಯ ಕಾದಿತ್ತು.

ಗೊತ್ತಾದ ದಿನ ಬೆಳಿಗ್ಗೆ ಎಲ್ಲವೂ ನಕ್ಷೆಯಂತೆ ನಿಂತಿತು. ಮೂರು ಉಡುಪುಗಳ ಚಿತ್ರಗಳು ಆದವು. ಕೊನೆಯದಾಗಿ ಕಾಂಚಳಿಯನ್ನು ತೊಟ್ಟು ಹುಡುಗಿ ಗುರುತಿನ ಮೇಲೆ ಬಂದು ನಿಲ್ಲುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಅರ್ಧ ಗಂಟೆ ಕಾದೆವು, ಒಂದು ಗಂಟೆ ಕಾದೆವು. ಸಂಜೆಯವರೆಗೂ ಬರುವುದಿಲ್ಲವೆಂದು ತಿಳಿಯಿತು. ಅಂಗಡಿಯ ಇನ್ವರ್ಟರಿಗೆ ಫ್ಯಾನು ತಿರುಗಿಸುವ ಶಕ್ತಿಯೇ ಹೊರತು ಫ್ಲ್ಯಾಶಿನ ಹೊಟ್ಟೆ ತುಂಬಿಸುವ ಶಕ್ತಿ ಇಲ್ಲ. ಅಜ್ಜಿಗೋ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಬೇಕು. ಅವಳು ಹೋದರೆ ಕಾಂಚಳಿಯೂ ಹೋಗುವುದು.

ಆಗ ನನಗೆ ವಿ. ಕೆ. ಮೂರ್ತಿಯವರ ನೆನಪಾಯಿತು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳಿಗೆ ಕ್ಯಾಮರಾ ಹಿಡಿದು, ಕಡೆಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಆ ಕನ್ನಡಿಗರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಮಾಡಿದ ಒಂದು ಕೆಲಸವನ್ನು ಬಲ್ಲವರು ಇಂದಿಗೂ ಹೇಳಿಕೊಳ್ಳುತ್ತಾರೆ. ಕತ್ತಲೆ ತುಂಬಿದ ಸ್ಟುಡಿಯೋದಲ್ಲಿ ಮೇಲಿನಿಂದ ಒಂದೇ ಒಂದು ಬೆಳಕಿನ ಕಂಬ ಇಳಿಯಬೇಕಾಗಿತ್ತು. ಅವರು ಹೊರಗೊಂದು ದೊಡ್ಡ ಕನ್ನಡಿ, ಒಳಗೊಂದು ದೊಡ್ಡ ಕನ್ನಡಿ ಇಡಿಸಿ ಬಿಸಿಲನ್ನೇ ಒಳಕ್ಕೆ ಕರೆತಂದರು. ಇದನ್ನು ನಾನು ಹುಡುಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನು ಪಕ್ಕದ ಮನೆಯಿಂದ ಅಲಮಾರಿನ ಕನ್ನಡಿಯನ್ನು ಬಿಚ್ಚಿಸಿ ತಂದಿದ್ದ.

ಸಾಫ್ಟ್‌ಬಾಕ್ಸ್ ಇದ್ದ ಜಾಗದಲ್ಲಿ ಹಗ್ಗ ಕಟ್ಟಿ ಬಿಳಿಯ ಧೋತರವೊಂದನ್ನು ಇಳಿಬಿಟ್ಟೆವು. ಕನ್ನಡಿಯನ್ನು ಹಿಡಿಯುವ ಕೆಲಸ ನನ್ನದು. ಅಂಗಳದಲ್ಲಿ ನಿಂತು, ನೆತ್ತಿಯ ಮೇಲಿನ ಬಿಸಿಲನ್ನು ಹಿಡಿದು, ತೆರೆದ ಬಾಗಿಲಿನ ಮೂಲಕ ಆ ಧೋತರದ ಮೇಲೆ ಬೀಳಿಸಬೇಕು; ಧೋತರದಿಂದ ಪುಟಿದ ಬೆಳಕು ಹುಡುಗಿಯ ಮುಖಕ್ಕೆ. ಸುಲಭವೆಂದು ತಿಳಿದಿದ್ದೆ. ಆದರೆ ಸೂರ್ಯ ಒಂದೆಡೆ ನಿಲ್ಲುವವನಲ್ಲ. ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ನಡೆಯುತ್ತಾನೆ. ಇಪ್ಪತ್ತು ಅಡಿಗಳಾಚೆ ಅದು ನಾಲ್ಕು ಅಂಗುಲವಾಗುತ್ತದೆ. “ಸರ, ಸರಿಯಲತದ್ರಿ... ಸರ, ಬಲಕ್ಕ... ಭಾಳ ಆಯ್ತು” ಎಂದು ಒಳಗಿನಿಂದ ಕೂಗು. ಕನ್ನಡಿಯ ಚೌಕಟ್ಟು ಕೈ ಸುಡುತ್ತಿತ್ತು. ಖಗೋಳವನ್ನು ಇಷ್ಟು ಹತ್ತಿರದಿಂದ ನಾನು ಎಂದೂ ಕಲಿತಿರಲಿಲ್ಲ. ಇಪ್ಪತ್ತು ನಿಮಿಷಗಳಲ್ಲಿ ಹನ್ನೊಂದು ಚಿತ್ರಗಳಾದವು. ಅಜ್ಜಿ ಗಂಟು ಕಟ್ಟಿದಳು.

ಅರ್ಜಿ ಹೋಗಿದೆ. ಉತ್ತರ ಬರಬೇಕು.

ಆ ಹನ್ನೊಂದರಲ್ಲಿ ಒಂದನ್ನು ದೊಡ್ಡದಾಗಿ ಅಚ್ಚುಹಾಕಿಸಿಕೊಂಡು ನಾವು ತಾಂಡಾಕ್ಕೆ ಹೋದೆವು. ಅಜ್ಜಿ ಅದನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಈ ಸಲ ಯಾರ ಮಗಳೆಂದು ಕೇಳಲಿಲ್ಲ. ಮುಖವನ್ನು ದಾಟಿ ಅವಳ ಬೆರಳು ಕಾಂಚಳಿಗೆ ಇಳಿಯಿತು. ಹೊಲಿಗೆಯ ಸಾಲು ಹಿಡಿದು ಒಂದೊಂದೇ ಕನ್ನಡಿಯನ್ನು ಮುಟ್ಟುತ್ತ ಹೋಯಿತು. ಎಡತೋಳಿನ ಹತ್ತಿರ ಒಂದು ಕಡೆ ನಿಂತಿತು. “ಮಾಸ್ತರ, ಇದರಾಗ ಯಾರೋ ಅದಾರ” ಎಂದಳು.

ಹುಡುಗ ಚಿತ್ರವನ್ನು ಕಿಟಕಿಯ ಬಳಿಗೆ ಒಯ್ದು ನೋಡಿದ. ಬಾಗಿಲಿನ ಬೆಳಕಿನ ಚೌಕ, ಅದರೊಳಗೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ, ತನಗಿಂತ ದೊಡ್ಡದಾದ ಹಲಗೆಯೊಂದನ್ನು ಅಪ್ಪಿ ಹಿಡಿದ ಮನುಷ್ಯಾಕೃತಿ, ತಲೆಗೆ ಟವೆಲು. ಗಣಕದಲ್ಲಿ ಅದನ್ನು ಒಂದು ಕ್ಷಣದಲ್ಲಿ ಅಳಿಸಿಬಿಡಬಹುದೆಂದು ಅವನು ಹೇಳಿದ. ಹುಡುಗಿ ಬೇಡವೆಂದಳು.